ಗಿಳಿಯ ಅಚ್ಚು

ನಮ್ಮ ಊರು ಯಾವುದೆಂದು ಯಾರಾದರೂ ಕೇಳಿದರೆ "ಬ್ಲಫ್" ಎಂದು ಉತ್ತರಿಸುತ್ತೇನೆ. ಕೇಳಿದವರು ಒಂದು ಕ್ಷಣ ನನ್ನ ಮುಖವನ್ನು ನೋಡಿ, ನಾನು ಹಾಸ್ಯ ಮಾಡುತ್ತಿಲ್ಲವೆಂದು ಖಚಿತವಾದ ಮೇಲೆ ನಗುತ್ತಾರೆ. ಇಸ್ಪೀಟಿನ ಆಟ ಬಲ್ಲವರಂತೂ ಸ್ವಲ್ಪ ಹೆಚ್ಚಾಗಿಯೇ ನಗುತ್ತಾರೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಎರಡು ಅರ್ಥಗಳುಂಟು. ಒಂದು, ನದಿಯ ದಡದ ಕಡಿದಾದ ದಿಣ್ಣೆ. ಇನ್ನೊಂದು, ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲವೂ ಇದೆಯೆಂದು ನಟಿಸಿ ಎದುರಾಳಿಯನ್ನು ಹೆದರಿಸುವುದು. ನಮ್ಮ ಊರಿಗೆ ಸಲ್ಲುವುದು ಮೊದಲನೆಯ ಅರ್ಥ. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಶಿವನಸಮುದ್ರದ ಬಳಿ, ಕಾವೇರಿಯ ಆಳವಾದ ಕಮರಿಯ ನೆತ್ತಿಯ ಮೇಲೆ ಊರಿದೆ; ಕೆಳಗೆ ವಿದ್ಯುದಾಗಾರವಿದೆ. ಎರಡನೆಯ ಅರ್ಥವು ಊರಿಗಲ್ಲ, ನನಗೇ ಸಲ್ಲುತ್ತದೆ ಎಂಬುದು ತಿಳಿದದ್ದು ನನಗೆ ಅರುವತ್ತು ದಾಟಿದ ಮೇಲೆ. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ತಂದೆಯವರು ಆ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ಟ್ರಾಲಿಯಲ್ಲಿ ಕುಳಿತು ಇಳಿಜಾರಿನ ಹಳಿಗಳ ಮೇಲೆ ಕಮರಿಗೆ ಇಳಿಯುವರು. ಸಂಜೆ ಅದೇ ಟ್ರಾಲಿಯಲ್ಲಿ ಮೇಲಕ್ಕೆ ಬರುವರು. ಈ ನೀರಿನ ಬಲದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತೆಂದೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತೆಂದೂ ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಕಣ್ಣಿಗೆ ಕಾಣದ ಒಂದು ಶಕ್ತಿ ತಂತಿಯ ಮೇಲೆ ಅಷ್ಟು ದೂರ ಹೋಗುವುದೆಂಬ ವಿಸ್ಮಯವೇ ನನ್ನನ್ನು ವಿಜ್ಞಾನದ ಕಡೆಗೆ ಎಳೆಯಿತು. ಓದು ಮುಗಿದ ಮೇಲೆ ಪ್ರೌಢಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯನಾದೆ. ಮೂವತ್ತಕ್ಕೂ ಹೆಚ್ಚು ವರ್ಷ ಆ ಒಂದೇ ವಿಷಯವನ್ನು ಬೋಧಿಸಿ ನಿವೃತ್ತನಾದೆ. "ಸರಿಯಾಗಿ ಹೆಸರು ಹೇಳು, ಎಷ್ಟೆಂಬುದನ್ನೂ ಹೇಳು" ಎಂದು ಮಕ್ಕಳನ್ನು ಗದರಿಸುವುದು ನನ್ನ ನಿತ್ಯದ ಪಾಠವಾಗಿತ್ತು.

ನಮ್ಮ ತಾಯಿಯ ತವರು ಬ್ಲಫಿನಿಂದ ಒಂದು ಹರದಾರಿ ದೂರದ ಹಳ್ಳಿ. ಅಲ್ಲಿ ಸೋದರಮಾವನವರ ಕಬ್ಬಿನ ಗದ್ದೆ, ಒಂದು ಬಾವಿ, ಹಳೆಯ ಹೆಂಚಿನ ಮನೆ. ಒಂದು ಗೋಡೆಯಾಚೆಗೆ ಅವರ ಚಿಕ್ಕಪ್ಪನ ಮಗನ ಮನೆ. ನಾವು ಮಕ್ಕಳು ಅವರನ್ನು 'ಆಚೆಮನೆ ಮಾವ' ಎಂದೂ, ಅವರ ಹೆಂಡತಿಯನ್ನು 'ಆಚೆಮನೆ ಅತ್ತೆ' ಎಂದೂ ಕರೆಯುತ್ತಿದ್ದೆವು. ಆಸ್ತಿ ಪಾಲಾಗಿದ್ದರೂ ಒಲೆಯ ಬೆಂಕಿ ಪಾಲಾಗಿರಲಿಲ್ಲ. ಒಂದು ಮನೆಯ ಕೆಂಡ ಇನ್ನೊಂದು ಮನೆಗೆ ಹೋಗುತ್ತಿತ್ತು.

ಆಚೆಮನೆ ಅತ್ತೆಯ ಹೆಸರು ಕೇಳಿದರೆ ನನಗೆ ಇಂದಿಗೂ ನೆನಪಾಗುವುದು ಸಂಕ್ರಾಂತಿಯ ಸಕ್ಕರೆ ಅಚ್ಚು. ಅವರ ತವರಿನಿಂದ ಬಂದ ಒಂದು ಚೀಲದ ತುಂಬ ಮರದ ಅಚ್ಚುಗಳಿದ್ದವು: ಆನೆ, ತುಳಸಿಕಟ್ಟೆ, ದೇವರ ಮಂಟಪ, ಗಿಳಿ. ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಸೇರಿಸಿ ದಾರದಿಂದ ಬಿಗಿದು, ಹದ ಬಂದ ಸಕ್ಕರೆ ಪಾಕವನ್ನು ಸುರಿಯುವರು. ಆರಿದ ಮೇಲೆ ದಾರ ಬಿಚ್ಚಿದರೆ ಬಿಳಿಯ ಗಿಳಿ ರೆಕ್ಕೆ ಮಡಿಸಿಕೊಂಡು ಕುಳಿತಿರುವುದು. ಮೊದಲನೆಯ ಗಿಳಿ ಯಾವಾಗಲೂ ನನ್ನದು. ಕೊಕ್ಕು ಮುರಿದಿದ್ದರೆ ಎರಡನೆಯದೂ ನನ್ನದು. ಕೊಕ್ಕು ಬಹಳ ಸಲ ಮುರಿದಿರುತ್ತಿತ್ತು. ಅದು ಹೇಗೆ ಮುರಿಯುತ್ತಿತ್ತೆಂಬುದು ದೊಡ್ಡವನಾದ ಮೇಲೆ ಅರ್ಥವಾಯಿತು.

2008ರ ಸಂಕ್ರಾಂತಿಗೆ ನಮ್ಮ ಅತ್ತೆ ಆ ಗಿಳಿಯ ಅಚ್ಚನ್ನು ಆಚೆಮನೆಯಿಂದ ಕೇಳಿ ತಂದಿದ್ದರು. ಹಿಂತಿರುಗಿಸಲು ಅವಸರವೇನು, ಗೋಡೆಯ ಆಚೆಗೇ ಅಲ್ಲವೇ ಎಂದು ನಾಗಂದಿಗೆಯ ಮೇಲಿಟ್ಟರು.

ಅದೇ ವರ್ಷ ಡಿಸೆಂಬರಿನಲ್ಲಿ ಅನಾಹುತವಾಯಿತು. ಬದುವಿನ ಉದ್ದಕ್ಕೂ ಅತ್ತೆ ಹಾಕಿದ್ದ ಅವರೆಯ ಗಿಡಗಳು, ಹೂವು ಕಾಯಿ ತುಂಬುವ ಹೊತ್ತಿಗೆ, ಎಲೆ ಮುರುಟಿ, ಕುಡಿ ತಿರುಚಿ, ಹಾವಿನ ಹೆಡೆಯಂತೆ ಬಗ್ಗಿಬಿಟ್ಟವು. ಬದುವಿನ ಮೇಲುಭಾಗದ ಗದ್ದೆ ಆಚೆಮನೆಯವರದು. ಅಲ್ಲಿ ಆಗ ಕಬ್ಬಿತ್ತು. ಎರಡು ದಿನದ ಹಿಂದೆ ಅಲ್ಲಿ ಯಾರೋ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಸಿಂಪಡಿಸುತ್ತಿದ್ದುದನ್ನು ಕಂಡೆವೆಂದು ಒಬ್ಬರು ಹೇಳಿದರು. ಅದು ನಮ್ಮ ಗದ್ದೆಯಲ್ಲ, ಪಕ್ಕದ ಗದ್ದೆಯೆಂದು ಆಚೆಮನೆ ಮಾವ ಹೇಳಿದರು. ಮಾತಿಗೆ ಮಾತು ಬೆಳೆಯಿತು. ಮಾವನವರು ಬ್ಲಫಿಗೆ ಬಂದು ನನ್ನ ಎದುರು ಕುಳಿತು, "ನೀನು ಓದಿದೋನು. ಒಂದು ಅರ್ಜಿ ಬರ್ಕೊಡು" ಎಂದರು.

ನಾನು ಬರೆದೆ. ನನ್ನ ಅಕ್ಷರ ದುಂಡಗಿದೆ, ಭಾಷೆಯೂ ಸುಮಾರಾಗಿದೆ. "ಸದರಿ ವ್ಯಕ್ತಿಯು ದುರುದ್ದೇಶದಿಂದ ವಿಷವನ್ನು ಸಿಂಪಡಿಸಿ ಬೆಳೆಯನ್ನು ನಾಶಮಾಡಿರುವುದಲ್ಲದೆ, ಅರ್ಜಿದಾರರ ಬಾವಿಯ ನೀರಿಗೂ ವಿಷ ಬೆರೆತಿರುತ್ತದೆ" ಎಂದು ಬರೆದೆ. ಬಾವಿಯ ನೀರನ್ನು ನಾನು ಪರೀಕ್ಷಿಸಿರಲಿಲ್ಲ, ಮೂಸಿಯೂ ನೋಡಿರಲಿಲ್ಲ. ಅವರೆಯ ಜತೆಗೆ ಬಾವಿಯೂ ಸೇರಿದರೆ ಅರ್ಜಿಗೆ ತೂಕ ಬರುವುದೆಂದು ಸೇರಿಸಿದೆ. ಕೆಳಗೆ ಸಾಕ್ಷಿಯಾಗಿ ರುಜು ಹಾಕಿ, ರುಜುವಿನ ಕೆಳಗೆ 'ರಸಾಯನಶಾಸ್ತ್ರ ಉಪಾಧ್ಯಾಯ' ಎಂದು ಬರೆದೆ. ಊರಿನ ಹಿರಿಯರ ಮುಂದೆ ಅದನ್ನು ಓದಿದಾಗ ಜನ ನಂಬಿದ್ದು ಆ ಕೊನೆಯ ಎರಡು ಪದಗಳನ್ನು. ಇಸ್ಪೀಟಿನಲ್ಲಿ ಇದಕ್ಕೆ ಏನೆನ್ನುತ್ತಾರೆಂಬುದನ್ನು ವಾಚಕರಿಗೆ ಮೇಲೆಯೇ ತಿಳಿಸಿದ್ದೇನೆ.

ದಂಡವೇನೂ ಆಗಲಿಲ್ಲ; ಆಗಿದ್ದರೆ ಒಂದು ವೇಳೆ ಜಗಳ ಮುಗಿಯುತ್ತಿತ್ತೇನೋ. ಆಚೆಮನೆ ಮಾವ ಸಭೆಯಲ್ಲಿ ಒಂದೇ ಮಾತನ್ನು ಆಡಿದರು: "ಆ ಬಾವಿ ನೀರನ್ನ ನಾನೂ ಕುಡಿದು ಬೆಳೆದಿದೀನಿ." ಅನಂತರ ಎದ್ದು ಹೋದರು. ಕಬ್ಬನ್ನು ತೆಗೆಸಿ, ಮೇಲಿನ ಹೊಲಕ್ಕೆಲ್ಲ ಹಿಪ್ಪುನೇರಳೆ ಹಾಕಿ, ರೇಷ್ಮೆಹುಳು ಸಾಕತೊಡಗಿದರು. ಗೋಡೆಯಲ್ಲಿದ್ದ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. 2014ರಲ್ಲಿ ಆಚೆಮನೆ ಅತ್ತೆ ತೀರಿಕೊಂಡರು. ಮಾವನವರು ಹೋಗಲಿಲ್ಲ. ನಾನು ಬಸ್ಸಿನ ನಿಲ್ದಾಣದವರೆಗೆ ಹೋಗಿ, ಆ ಮುಖವನ್ನು ಹೇಗೆ ನೋಡಲೆಂದು ಯೋಚಿಸುತ್ತ ನಿಂತು, ಎರಡು ಬಸ್ಸುಗಳನ್ನು ಬಿಟ್ಟು ಮನೆಗೆ ಹಿಂದಿರುಗಿದೆ.

2019ರ ಸಂಕ್ರಾಂತಿಗೆ ಮಾವನವರ ಮೊಮ್ಮಗಳು ಬೆಂಗಳೂರಿನಿಂದ ಬಂದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಅಲ್ಲಿಯ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸುತ್ತಿದ್ದಳು. ಹಬ್ಬಕ್ಕೆ ಬಂದ ಹುಡುಗಿ ಚೀಲದಿಂದ ಸೀರೆ ತೆಗೆಯುವಳೆಂದು ಅತ್ತೆ ನೋಡುತ್ತಿದ್ದರೆ, ಅವಳು ತೆಗೆದದ್ದು ಕಂದು ಬಣ್ಣದ ಗಾಜಿನ ಶೀಷೆಗಳನ್ನು. ಬಾವಿಯ ನೀರನ್ನು ತುಂಬಿ, ಶೀಷೆಯ ಮೇಲೆ ದಿನಾಂಕ ಬರೆಯತೊಡಗಿದಳು.

"ಅದರಲ್ಲೇನು ನೋಡ್ತೀಯ? ವಿಷ ಇದೆ ಅಂತ ನಿಮ್ಮ ಮೇಷ್ಟ್ರು ಮಾವ ಅವತ್ತೇ ಬರ್ದವ್ರೆ" ಎಂದರು ತಾತ, ನನ್ನತ್ತ ಕೈತೋರಿಸಿ.

ಅವಳು ಶೀಷೆಯಿಂದ ಕಣ್ಣು ತೆಗೆಯದೆ, "ಯಾವ ವಿಷ, ಮಾವ?" ಎಂದಳು.

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ; ತಿಳಿಯುವ ಕುತೂಹಲವಷ್ಟೆ. ಆದರೂ ಮೂವತ್ತು ವರ್ಷ ನಾನು ಮಕ್ಕಳನ್ನು ಕೇಳಿದ ಪ್ರಶ್ನೆಯನ್ನು ನನ್ನನ್ನೇ ಒಬ್ಬಳು ಕೇಳಿದಾಗ ಉತ್ತರ ಹೊರಡಲಿಲ್ಲ. "ಕಳೆನಾಶಕ ಇರಬೇಕು" ಎಂದೆ.

"ಕಳೆನಾಶಕ ಅಂದರೆ ಒಂದಲ್ಲವಲ್ಲ, ಮಾವ" ಎಂದು ಅವಳು ನಮ್ಮೆಲ್ಲರಿಗೂ ತಿಳಿಯುವಂತೆ ಹೇಳತೊಡಗಿದಳು. ಅಂದು ನಾನು ಕೇಳಿದ ಪಾಠವನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತೇನೆ.

ನಮ್ಮ ಕಡೆಯ ಕಬ್ಬಿನ ಗದ್ದೆಗಳಲ್ಲಿ ಬಳಕೆಗೆ ಬಂದವುಗಳಲ್ಲಿ ಎರಡು ಮುಖ್ಯ. ಒಂದು 2,4-ಡಿ, 1940ರ ದಶಕದಿಂದ ಲೋಕಕ್ಕೆ ಪರಿಚಯವಾದದ್ದು. ಅದು ಗಿಡದ ಬೆಳವಣಿಗೆಯ ರಸದಂತೆ ನಟಿಸಿ, ಅಗಲ ಎಲೆಯ ಸಸ್ಯಗಳನ್ನು ಅಂಕೆತಪ್ಪಿ ಬೆಳೆಯಿಸಿ, ತಿರುಚಿ ಕೊಲ್ಲುತ್ತದೆ. ಕಬ್ಬು, ಬತ್ತ ಮುಂತಾದ ಹುಲ್ಲಿನ ಜಾತಿಗೆ ಅಷ್ಟಾಗಿ ಕೇಡಿಲ್ಲ. ಅವರೆ, ಹತ್ತಿ, ಟೊಮೇಟೊಗಳಿಗೆ ಗಾಳಿಯಲ್ಲಿ ತೇಲಿ ಬಂದ ಹನಿಯೇ ಸಾಕು. ಇನ್ನೊಂದು ಅಟ್ರಜಿನ್, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯಲ್ಲಿ ಹುಟ್ಟಿದ್ದು. ಇದು ಎಲೆಯು ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸವನ್ನೇ ತಡೆಯುತ್ತದೆ. ಕಬ್ಬಿಗೂ ಜೋಳದ ಜಾತಿಗೂ ಇದನ್ನು ಜೀರ್ಣಿಸಿಕೊಳ್ಳುವ ಶಕ್ತಿಯಿದೆ, ಕಳೆಗೆ ಇಲ್ಲ. 2,4-ಡಿ ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಕಳೆದುಹೋಗುತ್ತದೆ. ಅಟ್ರಜಿನ್ ಹೆಚ್ಚು ಕಾಲ ನಿಲ್ಲುತ್ತದೆ, ಮಳೆಯೊಡನೆ ಇಂಗಿ ಅಂತರ್ಜಲಕ್ಕೆ ಇಳಿಯುತ್ತದೆ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು ಅದನ್ನು ಬಳಕೆಯಿಂದ ತೆಗೆಯಲು 2004ರಲ್ಲಿ ಆಜ್ಞೆ ಮಾಡಿತು. ನಮ್ಮ ದೇಶದ 2012ರ ಕುಡಿಯುವ ನೀರಿನ ಮಾನಕದಲ್ಲಿ ಒಂದು ಲೀಟರಿಗೆ ಅಟ್ರಜಿನ್ 2 ಮೈಕ್ರೋಗ್ರಾಮನ್ನೂ, 2,4-ಡಿ 30 ಮೈಕ್ರೋಗ್ರಾಮನ್ನೂ ಮೀರಕೂಡದು.

ಒಂದು ಮೈಕ್ರೋಗ್ರಾಮೆಂದರೆ ಎಷ್ಟು? ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿ, ಅವೆಲ್ಲಕ್ಕೂ ಸೇರಿಸಿ ಒಂದೇ ಒಂದು ಗ್ರಾಮನ್ನು ಹಂಚಿದರೆ ಲೀಟರಿಗೆ ಒಂದು ಮೈಕ್ರೋಗ್ರಾಮ್ ಬರುತ್ತದೆ. ಬಾವಿಯ ನೀರಿನಲ್ಲಾದರೋ ಉಪ್ಪಿದೆ, ಸುಣ್ಣವಿದೆ, ಕೊಳೆತ ಎಲೆಯ ಸಾರವಿದೆ. ಜಾತ್ರೆಯಲ್ಲಿ ಕಳೆದುಹೋದ ಒಂದು ಮಗುವನ್ನು ಹುಡುಕುವ ಕೆಲಸವಿದು. ಮುಖ ಗೊತ್ತಿರುವವರು ಬೇಕು.

"ಮುಖ ಗುರುತಿಸುವ ಪುಡಿಯೊಂದನ್ನು ನಾನು ಮಾಡ್ತೀನಿ" ಎಂದಳು ಹುಡುಗಿ. ಅತ್ತೆಗೆ ಅರ್ಥವಾಗಲಿಲ್ಲ. ಹುಡುಗಿ ಸುತ್ತ ನೋಡಿ, "ಅಜ್ಜಿ, ಸಕ್ಕರೆ ಅಚ್ಚಿನ ಮರದ ಅಚ್ಚು ಒಂದಾದರೂ ಇದೆಯೇ?" ಎಂದು ಕೇಳಿದಳು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ನಾಗಂದಿಗೆಯ ಮೇಲಿಂದ ಒಂದು ಬಟ್ಟೆಯ ಗಂಟನ್ನು ತಂದರು. ಬಿಚ್ಚಿದರೆ ಗಿಳಿಯ ಅಚ್ಚು. ಹನ್ನೊಂದು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮಾವನವರು ಮುಖವನ್ನು ಬೇರೆ ಕಡೆಗೆ ತಿರುಗಿಸಿದರು. ಏನೂ ಅರಿಯದ ಹುಡುಗಿ ಅದನ್ನು ಕೈಯಲ್ಲಿ ಹಿಡಿದು ಪಾಠ ಮುಂದುವರಿಸಿದಳು.

ನಾವು ಅಚ್ಚಿನಿಂದ ಗಿಳಿಯನ್ನು ಮಾಡುತ್ತೇವೆ. ಅವಳು ಮಾಡುವುದು ಇದರ ವಿಲೋಮ: ಗಿಳಿಯ ಸುತ್ತ ಅಚ್ಚನ್ನು ಕಟ್ಟುವುದು. ಯಾವ ಅಣುವನ್ನು ಗುರುತಿಸಬೇಕೋ ಆ ಅಣುವನ್ನೇ ಮೊದಲು ಒಂದು ದ್ರಾವಣದಲ್ಲಿ ಕರಗಿಸುತ್ತಾಳೆ. ಅದಕ್ಕೆ ಮೆಥಾಕ್ರಿಲಿಕ್ ಆಮ್ಲವನ್ನು ಸೇರಿಸಿದರೆ, ಆ ಆಮ್ಲದ ಸಣ್ಣ ಅಣುಗಳು ಮೂಲ ಅಣುವಿನ ಸಾರಜನಕವಿರುವ ಕಡೆಗಳಲ್ಲಿ ಜಲಜನಕದ ಬಂಧದಿಂದ ಕೈಹಿಡಿದು ನಿಲ್ಲುತ್ತವೆ. ಆಮೇಲೆ ಎಥಿಲೀನ್ ಗ್ಲೈಕಾಲ್ ಡೈಮೆಥಾಕ್ರಿಲೇಟ್ ಎಂಬ ಉದ್ದ ಹೆಸರಿನ ಇನ್ನೊಂದು ದ್ರವ. ಅಣುಗಳ ಲೆಕ್ಕದಲ್ಲಿ ಮೂಲ ಅಣು ಒಂದು ಪಾಲಾದರೆ, ಆಮ್ಲ ನಾಲ್ಕು ಪಾಲು, ಈ ದ್ರವ ಇಪ್ಪತ್ತು ಪಾಲಿನಷ್ಟು. ಆಮ್ಲಜನಕವನ್ನು ಹೊರಹಾಕಿ, ಸುಮಾರು 60 ಡಿಗ್ರಿ ಶಾಖದಲ್ಲಿ ಒಂದು ದಿನ ಇಟ್ಟರೆ ಎಲ್ಲವೂ ಸೇರಿ ಬಿಳಿಯ ಗಟ್ಟಿಯಾಗುತ್ತದೆ. ಕೈಹಿಡಿದಿದ್ದವರು ಹಿಡಿದ ಭಂಗಿಯಲ್ಲಿಯೇ ಕಲ್ಲಾಗುತ್ತಾರೆ. ಆ ಗಟ್ಟಿಯನ್ನು ಅರೆದು, ಜರಡಿ ಹಿಡಿದು, ಮದ್ಯಸಾರವನ್ನೂ ಅಸಿಟಿಕ್ ಆಮ್ಲವನ್ನೂ ಬೆರೆಸಿದ ದ್ರವದಿಂದ ಮತ್ತೆ ಮತ್ತೆ ತೊಳೆದರೆ ಮೂಲ ಅಣು ಹೊರಟುಹೋಗುತ್ತದೆ. ಉಳಿಯುವುದು ಅದರ ಆಕಾರದ ಬರಿದು.

"ಮರದ ಅಚ್ಚಿಗೆ ಆಕಾರ ಮಾತ್ರ ಗೊತ್ತು. ಸಕ್ಕರೆ ಸುರಿದರೂ ಸರಿ, ಮಣ್ಣು ಸುರಿದರೂ ಸರಿ. ನನ್ನ ಅಚ್ಚಿನಲ್ಲಿ ಕೊಕ್ಕು ಬರುವ ಕಡೆ ಒಂದು ಕೊಕ್ಕೆ, ಬಾಲ ಬರುವ ಕಡೆ ಒಂದು ಕೊಕ್ಕೆ ಇರತ್ತೆ. ಗಿಳಿ ಬಂದರೆ ಹಿಡಿದುಕೊಳ್ಳತ್ತೆ, ಕಾಗೆ ಬಂದರೆ ಜಾರಿಹೋಗತ್ತೆ" ಎಂದಳು.

ಈ ವಿದ್ಯೆ ಒಂದೇ ದಿನದಲ್ಲಿ ಬಂದದ್ದಲ್ಲ. ಜರ್ಮನಿಯ ಎಮಿಲ್ ಫಿಷರ್, ಜೀವಕೋಶದ ಕಿಣ್ವವೂ ಅದು ಹಿಡಿಯುವ ವಸ್ತುವೂ ಬೀಗ-ಬೀಗದಕೈಗಳಂತೆ ಎಂದು 1894ರಲ್ಲಿಯೇ ಹೇಳಿದ್ದರು. 1949ರಲ್ಲಿ ಅಮೆರಿಕದ ಫ್ರಾಂಕ್ ಡಿಕಿ ಎಂಬವರು ಒಂದು ಬಣ್ಣದ ಸಮ್ಮುಖದಲ್ಲಿ ಸಿಲಿಕಾ ಜೆಲ್ಲನ್ನು ತಯಾರಿಸಿ, ಬಣ್ಣವನ್ನು ತೊಳೆದು ತೆಗೆದ ಮೇಲೂ ಆ ಜೆಲ್ಲು ಅದೇ ಬಣ್ಣವನ್ನು ವಿಶೇಷವಾಗಿ ಹಿಡಿಯುವುದೆಂದು ತೋರಿಸಿದರು. 1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಅವರು ಪಾಲಿಮರಿನಲ್ಲಿ ಇಂಥ ಅಚ್ಚುಗಳನ್ನು ಮೂಡಿಸಿದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ಲಾಸ್ ಮೋಸ್ಬಾಕ್ ಅವರೂ ಸಂಗಡಿಗರೂ ಈ ಸುಲಭವಾದ ಕೈಹಿಡಿಯುವ ಮಾರ್ಗವನ್ನು ಬೆಳೆಸಿ, ನಮ್ಮ ರಕ್ತದ ಪ್ರತಿಕಾಯಗಳು ಮಾಡುವ ಗುರುತಿಸುವ ಕೆಲಸವನ್ನು ಪಾಲಿಮರಿನಿಂದ ಮಾಡಿಸಬಹುದೆಂದು 1993ರಲ್ಲಿ ತೋರಿಸಿದರು. ಆ ದಶಕದಲ್ಲಿಯೇ ಅಟ್ರಜಿನ್ನಿಗೆ ಅಚ್ಚಾಯಿತು. 1998ರಲ್ಲಿ 2,4-ಡಿಗೂ ಆಯಿತು. ಪ್ರಾಣಿಗಳಿಂದ ಪಡೆದ ಪ್ರತಿಕಾಯವು ಶಾಖಕ್ಕೆ ಕೆಡುತ್ತದೆ, ಆಮ್ಲಕ್ಕೆ ಕೆಡುತ್ತದೆ. ಈ ಪುಡಿಯನ್ನು ಶೀಷೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಬಹುಕಾಲ ಇರುತ್ತದೆ.

ನನ್ನ ಮೇಷ್ಟರತನ ಆಗ ಎಚ್ಚತ್ತಿತು. "ಜಲಜನಕದ ಬಂಧ ಎನ್ನುತ್ತೀಯೆ; ನೀರೂ ಅದೇ ಬಂಧದಿಂದ ಕೈಹಿಡಿಯುತ್ತದಲ್ಲ? ಬಾವಿಯ ನೀರಿನಲ್ಲಿ ನಿನ್ನ ಅಚ್ಚಿನ ಗತಿಯೇನು?" ಎಂದೆ.

ಹುಡುಗಿಯ ಮುಖ ಅರಳಿತು. ಅದೇ ಈ ಕೆಲಸದ ಕಷ್ಟವಂತೆ. ನೀರಿನ ನಡುವೆ ಅಚ್ಚು ತನ್ನ ಗುಣವನ್ನು ಮರೆತು, ಎಣ್ಣೆಯ ಸ್ವಭಾವದ ಎಲ್ಲವನ್ನೂ ಮೈಗೆ ಅಂಟಿಸಿಕೊಳ್ಳುತ್ತದೆ. ಆದಕಾರಣ ನೀರನ್ನು ಹಾಯಿಸಿದ ಮೇಲೆ ಪುಡಿಯನ್ನು ಒಣಗಿಸಿ, ನೀರಲ್ಲದ ಒಂದು ದ್ರಾವಕದಿಂದ ಮೆಲ್ಲಗೆ ತೊಳೆಯಬೇಕು. ಆಗ ಸುಮ್ಮನೆ ಅಂಟಿಕೊಂಡಿದ್ದವರೆಲ್ಲ ಬಿಟ್ಟುಹೋಗುತ್ತಾರೆ. ಅಚ್ಚಿನೊಳಗೆ ಸರಿಯಾಗಿ ಕುಳಿತವರು ಮಾತ್ರ ನಿಲ್ಲುತ್ತಾರೆ. ಕೊನೆಗೆ ಅವರನ್ನೂ ಬಿಡಿಸಿ ತೆಗೆದು, ಯಂತ್ರದಲ್ಲಿ ಅಳೆಯಬೇಕು. ಅಟ್ರಜಿನ್ನಿನ ಅಚ್ಚಿನಲ್ಲಿ ಅದರ ಅಕ್ಕತಂಗಿಯರಾದ ಸಿಮಜಿನ್ ಮುಂತಾದವೂ ಕೂರುತ್ತವೆ. ಅಚ್ಚು ಕುಟುಂಬವನ್ನು ಗುರುತಿಸುತ್ತದೆ. ಅದರೊಳಗೆ ಯಾರೆಂಬುದನ್ನು ಯಂತ್ರ ಹೇಳುತ್ತದೆ.

ಅವಳು ಹೇಳಿದ ಇನ್ನೆರಡು ಎಚ್ಚರಿಕೆಗಳು ನನ್ನ ಮನಸ್ಸಿನಲ್ಲಿ ನಾಟಿದವು. ಮೊದಲನೆಯದು: ಪ್ರತಿಯೊಂದು ಸಲವೂ ಮೂಲ ಅಣುವನ್ನು ಹಾಕದೆಯೇ ಅದೇ ಪಾಲಿಮರನ್ನು ಇನ್ನೊಮ್ಮೆ ಮಾಡಬೇಕು. ಅದರಲ್ಲಿ ಅಚ್ಚಿಲ್ಲ. ಆದರೂ ಒಂದಿಷ್ಟು ಅಟ್ರಜಿನ್ ಅದಕ್ಕೂ ಅಂಟುತ್ತದೆ. ಅಚ್ಚಿರುವುದು ಹಿಡಿದದ್ದು ಎಷ್ಟು, ಅಚ್ಚಿಲ್ಲದ್ದು ಹಿಡಿದದ್ದು ಎಷ್ಟು ಎಂದು ಹೋಲಿಸಿದಾಗಲೇ, ಗುರುತಿಸಿ ಹಿಡಿದದ್ದು ಯಾವುದು, ಸುಮ್ಮನೆ ಅಂಟಿದ್ದು ಯಾವುದು ಎಂದು ತಿಳಿಯುವುದು. ಎರಡನೆಯದು: ಎಷ್ಟೇ ತೊಳೆದರೂ ಮೂಲ ಅಣು ಅಚ್ಚಿನ ಆಳದಲ್ಲಿ ತುಸು ಉಳಿದಿರುತ್ತದೆ, ಪರೀಕ್ಷೆಯ ವೇಳೆಯಲ್ಲಿ ಅದೇ ಜಿನುಗಿ, ಶುದ್ಧವಾದ ನೀರಿಗೂ ಅಪವಾದ ಹೊರಿಸಬಹುದು. ಆದುದರಿಂದ ಅವಳು ತನ್ನ ಅಚ್ಚನ್ನು ಅಟ್ರಜಿನ್ನಿನಿಂದ ಮಾಡದೆ, ಒಂದು ತೋಳು ಮಾತ್ರ ಬೇರೆಯಿರುವ ಪ್ರೊಪಜಿನ್ ಎಂಬ ಅದರ ಸೋದರಿಯಿಂದ ಮಾಡಿದ್ದಳು. ಜಿನುಗಿದರೂ ಅದು ಪ್ರೊಪಜಿನ್ ಎಂದು ಯಂತ್ರಕ್ಕೆ ತಿಳಿಯುತ್ತದೆ.

"ನಾವೇ ಹಾಕಿದ್ದನ್ನ ನೀರಿನ ಮೇಲೆ ಹೊರಿಸಬಾರದಲ್ಲ, ಮಾವ" ಎಂದು ನಕ್ಕಳು. ನಾನು ನಗಲಿಲ್ಲ.

ಶೀಷೆಗಳನ್ನು ತೆಗೆದುಕೊಂಡು ಅವಳು ಹೋದಳು. ಮರಳಿ ಬಂದದ್ದು ಯುಗಾದಿಗೆ. ನಡುವಣ ದಿನಗಳಲ್ಲಿ ನಾನು ಬ್ಲಫಿನ ನಾಲೆಯ ದಂಡೆಯ ಮೇಲೆ ತಿರುಗಾಡುತ್ತ ಬಹಳ ಯೋಚಿಸಿದೆ. ಮಂಡ್ಯದ ಸೀಮೆಯ ಕಬ್ಬು ಬತ್ತಗಳ ಬಯಲನ್ನು ತೊಯಿಸಿ ಬಸಿದ ನೀರೂ ಸೇರಿಕೊಂಡು ಕಾವೇರಿ ಇಲ್ಲಿಗೆ ಬರುತ್ತಾಳೆ. ಇಲ್ಲಿಂದ ಅನತಿದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಏರಿ ಹೋಗುತ್ತಾಳೆ. ಈ ಲೇಖನವನ್ನು ಓದುತ್ತ ನೀವು ಗುಟುಕರಿಸುವ ಕಾಫಿಯ ನೀರು ನಮ್ಮೂರ ಪಕ್ಕದಿಂದ ಬಂದದ್ದಾಗಿರಬಹುದು. ಹೆದರಿಸಲೆಂದು ಹೇಳುತ್ತಿಲ್ಲ, ಹೆದರಿಸುವ ಕೆಲಸವನ್ನು ನಾನು ಒಮ್ಮೆ ಮಾಡಿ ಮುಗಿಸಿದ್ದೇನೆ. ನೀರಿನಲ್ಲಿ 'ವಿಷವಿದೆ' ಎನ್ನುವುದೂ ಸುಲಭ, 'ಏನೂ ಇಲ್ಲ' ಎನ್ನುವುದೂ ಸುಲಭ. ಯಾವುದು, ಎಷ್ಟು ಎಂದು ಹೇಳುವುದೇ ಕಷ್ಟ. ಆ ಕಷ್ಟಕ್ಕಾಗಿ ಎಲ್ಲಿಯೋ ಒಂದು ಮೇಜಿನ ಮುಂದೆ ಯಾರೋ ಒಬ್ಬರು ಬಿಳಿಯ ಪುಡಿಯನ್ನು ತೊಳೆಯುತ್ತ ಕುಳಿತಿರಬೇಕು ಎಂಬುದಷ್ಟೇ ನನ್ನ ಮಾತು.

ಯುಗಾದಿಯ ಹಿಂದಿನ ಸಂಜೆ ಜಗುಲಿಯ ಮೇಲೆ ಹುಡುಗಿ ಕಾಗದವನ್ನು ಬಿಡಿಸಿದಳು. 2,4-ಡಿ ಕಾಣಿಸಿಕೊಳ್ಳಲಿಲ್ಲ. ಅಟ್ರಜಿನ್ ಇತ್ತು, ನಿಯಮದ 2 ಮೈಕ್ರೋಗ್ರಾಮಿನ ಅರ್ಧಕ್ಕೂ ಕಡಿಮೆ, ಆದರೆ ಇತ್ತು. ಮೂರು ಸಲ ನೋಡಿದ್ದಳು, ಮೂರು ಸಲವೂ ಇತ್ತು.

"ಅದೇ ನೋಡು, ಅವನು ಹಾಕಿದ ವಿಷ!" ಎಂದರು ಮಾವನವರು.

"ತಾತ, ಆಚೆಮನೆ ತಾತನ ಹೊಲದಲ್ಲಿ ಹತ್ತು ವರ್ಷದಿಂದ ಹಿಪ್ಪುನೇರಳೆ ಇದೆ. ರೇಷ್ಮೆಹುಳು ಸಾಕೋರು ಸೊಪ್ಪಿನ ಹತ್ತಿರ ಏನನ್ನೂ ಬಿಡೋದಿಲ್ಲ. ಈಗ ಇಲ್ಲಿ ಕಬ್ಬಿರೋದು ನಮ್ಮದೊಂದೇ. ನೀವು ನಾಟಿಯಾದ ಮೇಲೆ ಹಾಕ್ತೀರಲ್ಲ, ಆ ಪುಡಿಯ ಹೆಸರೇನು?"

"ಅದು ವಿಷ ಅಲ್ಲ ಕಣೆ. ಅದು ಕಳೆ ಔಷಧಿ."

ಅವಳು ಕೊಟ್ಟಿಗೆಗೆ ಹೋಗಿ, ಸೂರಿನಲ್ಲಿ ಸಿಕ್ಕಿಸಿದ್ದ ಖಾಲಿ ಪೊಟ್ಟಣವನ್ನು ತಂದು ಬೆಳಕಿಗೆ ಹಿಡಿದು, ಸಣ್ಣ ಅಕ್ಷರಗಳನ್ನು ಓದಿದಳು. ಅಟ್ರಜಿನ್.

ಯಾರೂ ಮಾತಾಡಲಿಲ್ಲ. ಆಚೆಯವರು ಹಾಕಿದರೆ ವಿಷ, ನಾವು ಹಾಕಿದರೆ ಔಷಧಿ: ಈ ಒಂದು ವ್ಯತ್ಯಾಸದ ಮೇಲೆ ಹನ್ನೊಂದು ವರ್ಷ ನಿಂತಿದ್ದ ಗೋಡೆಯನ್ನು ನಾವೆಲ್ಲ ನೋಡಿದೆವು. ಹುಡುಗಿಗೆ ತಾತನ ಮುಖವನ್ನು ಕಂಡು ಕನಿಕರವಾಯಿತೆಂದು ತೋರುತ್ತದೆ. ಮೆಲ್ಲಗೆ ಹೇಳಿದಳು: "ಇದು ಇವತ್ತಿನ ನೀರಿನ ಮಾತು, ತಾತ. ಅವತ್ತಿನ ಅವರೆ ಗಿಡ ಯಾಕೆ ಮುರುಟಿತು ಅನ್ನೋದನ್ನ ಇದು ಹೇಳೋದಿಲ್ಲ. ಆಗ ಯಾರೂ ಎಲೆ ತೆಗೆದು ಇಟ್ಟಿಲ್ಲ, ನೀರು ತೆಗೆದು ಇಟ್ಟಿಲ್ಲ. ಅದನ್ನ ಇನ್ನು ಯಾರೂ ಹೇಳೋಕಾಗಲ್ಲ."

ಅವಳ ಮಾತು ನ್ಯಾಯವಾಗಿತ್ತು. ಆಚೆಮನೆ ಮಾವ ನಿರ್ದೋಷಿಯೆಂದೂ ಆ ಕಾಗದ ಹೇಳಲಿಲ್ಲ. ಆದರೆ ಬಾವಿಯ ವಿಷಯವಾಗಿ ನಾನು ಬರೆದ ವಾಕ್ಯಕ್ಕೆ ಯಾವ ಆಧಾರವೂ ಇರಲಿಲ್ಲವೆಂಬುದಕ್ಕೆ ಕಾಗದ ಬೇಕಾಗಿರಲಿಲ್ಲ. ಅದು ನನಗೆ ಬರೆದ ದಿನವೇ ಗೊತ್ತಿತ್ತು. ಸಂಶಯಕ್ಕೂ ಅಚ್ಚಿಲ್ಲದ ಪಾಲಿಮರಿನ ಗುಣವುಂಟು. ಹತ್ತಿರ ಬಂದದ್ದೆಲ್ಲ ಅದಕ್ಕೆ ಅಂಟುತ್ತದೆ.

ಮರುದಿನ ಬೆಳಗ್ಗೆ, ಬೇವುಬೆಲ್ಲ ತಿಂದ ಮೇಲೆ, ಅತ್ತೆ ಗಿಳಿಯ ಅಚ್ಚನ್ನು ತೊಳೆದು ಒರೆಸಿ ನನ್ನ ಕೈಗಿತ್ತರು. ಮಾವನವರು ನೋಡುತ್ತಿದ್ದರು, ಬೇಡವೆನ್ನಲಿಲ್ಲ. ಗೋಡೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದುದರಿಂದ ಬೀದಿಯನ್ನು ಸುತ್ತಿಕೊಂಡು ಹೋದೆ. ಹುಡುಗಿಯೂ ಜತೆಗೆ ಬಂದಳು.

ಆಚೆಮನೆ ಮಾವ ಚಂದ್ರಿಕೆಯನ್ನು ಬಿಸಿಲಿಗೆ ಒರಗಿಸುತ್ತಿದ್ದರು. ಬಹಳ ಮುದುಕರಾಗಿದ್ದರು. "ಬಾ ಮೇಷ್ಟ್ರೆ" ಎಂದರು, ನಿನ್ನೆ ಮೊನ್ನೆ ಬಂದಿದ್ದವನನ್ನು ಕರೆಯುವಂತೆ. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಬಾವಿಯ ವಿಷಯ ನಾನು ಬರೆದದ್ದು ಸುಳ್ಳು, ಮಾವ. ನಾನು ನೋಡಿಯೇ ಇರಲಿಲ್ಲ" ಎಂದಷ್ಟೇ ಹೇಳಿ, ಅಚ್ಚನ್ನು ಮುಂದೆ ಹಿಡಿದೆ.

ಅವರು ಅದನ್ನು ತೆಗೆದುಕೊಂಡರು. ಎರಡು ಹೋಳುಗಳನ್ನೂ ಬಿಡಿಸಿ, ಒಳಗಿನ ಗಿಳಿಯ ಗುಳಿಯಲ್ಲಿ ಹೆಬ್ಬೆರಳನ್ನು ಆಡಿಸಿದರು. "ಇದನ್ನ ಅವಳು ಪ್ರತಿ ಸಂಕ್ರಾಂತೀಲೂ ಹುಡುಕ್ತಿದ್ಲು. ಎಲ್ಲೋಯ್ತು ಎಲ್ಲೋಯ್ತು ಅಂತ. ನಿಮ್ಮನೇಲಿದೆ ಅಂತ ನಂಗೊತ್ತಿತ್ತು. ಹೇಳ್ಲಿಲ್ಲ. ಹೇಳಿದ್ರೆ ಬಂದು ಕೇಳ್ಬಿಡ್ತಿದ್ಲು" ಎಂದರು.

ಸ್ವಲ್ಪ ಹೊತ್ತಾದ ಮೇಲೆ ಹುಡುಗಿಯ ಕಡೆಗೆ ತಿರುಗಿ, ನೀನು ಯಾರ ಮಗಳು, ಏನು ಓದುತ್ತಿದ್ದೀಯೆ ಎಂದು ವಿಚಾರಿಸಿದರು. ಅವಳು ಹೇಳಿದಳು. ತಮ್ಮ ಕೊಳವೆಬಾವಿಯ ನೀರನ್ನೂ ಒಂದು ಶೀಷೆಯಲ್ಲಿ ತೆಗೆದುಕೊಂಡು ಹೋಗಿ ನೋಡಬಹುದೇ ಎಂದು ಕೇಳಿದರು. ಅವಳು ಹೂಂ ಎಂದಳು. ನಾವು ಏಳುವಾಗ, ಗೋಡೆಯಾಚೆಗೆ ಮಾವನವರು ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ನೆಗಡಿಯದಲ್ಲವೆಂದು ನನಗೆ ಗೊತ್ತಾಯಿತು. ಆಚೆಮನೆ ಮಾವನಿಗೂ ಗೊತ್ತಾಗಿರಬೇಕು. ಅವರು ಗೋಡೆಯ ಕಡೆ ನೋಡಿ ಸುಮ್ಮನಾದರು. ಆ ಬಾಗಿಲಿನ ಇಟ್ಟಿಗೆಯನ್ನು ಇದುವರೆಗೆ ಯಾರೂ ತೆಗೆದಿಲ್ಲ. ಆದರೆ ಮುಂದಿನ ಸಂಕ್ರಾಂತಿಗೆ ಆಚೆಮನೆಯಿಂದ ಎಳ್ಳುಬೆಲ್ಲದ ತಟ್ಟೆ ಬೀದಿಯನ್ನು ಸುತ್ತಿಕೊಂಡು ಬಂದಿತು. ಮೇಲೆ ಒಂದು ಸಕ್ಕರೆ ಗಿಳಿಯಿತ್ತು. ಕೊಕ್ಕು ಮುರಿದಿರಲಿಲ್ಲ.

ಆ ಅರ್ಜಿಯ ನಕಲು ನನ್ನ ಮೇಜಿನ ಸೆಳೆಖಾನೆಯಲ್ಲಿ ಇಂದಿಗೂ ಇದೆ. ಹರಿದು ಹಾಕಲು ಮನಸ್ಸಾಗಲಿಲ್ಲ. ಯುಗಾದಿಯ ಆ ರಾತ್ರಿ ಬ್ಲಫಿಗೆ ಹಿಂದಿರುಗಿದ ಮೇಲೆ ಅದನ್ನು ತೆಗೆದು, ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಹಳೆಯ ಕೆಂಪು ಶಾಯಿಯ ಲೇಖನಿಯಿಂದ 'ವಿಷ' ಎಂಬ ಪದದ ಕೆಳಗೆ ಗೆರೆ ಎಳೆದೆ. ಅಂಚಿನಲ್ಲಿ, ಇತರರ ಮಕ್ಕಳಿಗೆ ಮೂವತ್ತು ವರ್ಷ ಬರೆದಂತೆಯೇ, ಬರೆದೆ: "ಯಾವುದು? ಎಷ್ಟು?" ಅಂಕದ ಜಾಗದಲ್ಲಿ ಸೊನ್ನೆಯನ್ನಿಟ್ಟು, ರುಜು ಹಾಕಿದೆ.